ಬಾಣಲೆಯಲ್ಲಿ ಉಂಡವರು

ವಾಣಿವಿಲಾಸಪುರ, ಮಾರಿಕಣಿವೆ
ಶನಿವಾರ, 8 ಫೆಬ್ರವರಿ 2025

ಪ್ರೀತಿಯ ತಮ್ಮಾ,

ಲಕೋಟೆಯ ಮೇಲೆ ಮಠದವರು ಇಟ್ಟ ಹೆಸರನ್ನು, ಅದರ ಹಿಂದೆ ಮುಂದೆ ಇರಬೇಕಾದ ಗೌರವದ ಮಾತುಗಳ ಜೊತೆ ಸರಿಯಾಗಿಯೇ ಬರೆದಿದ್ದೇನೆ. ಒಳಗೂ ಪೂಜ್ಯರೇ ಎಂದೇ ಶುರು ಮಾಡಿದ್ದೆ. ಹಾಗೆ ಬರೆದ ಮೇಲೆ ಮಂಡಿನೋವು ಹೇಗಿದೆ ಎಂದು ಕೇಳಲು ಕೈ ಬರಲಿಲ್ಲ. ಆ ಹಾಳೆಯನ್ನು ಮಡಚಿಟ್ಟು ಇದನ್ನು ತೆಗೆದುಕೊಂಡೆ. ಹೇಗಿದೆ ಮಂಡಿ? ಹೋದ ಸಲ ನಾವು ಮಠಕ್ಕೆ ಬಂದಾಗ ನೀನು ಮೆಟ್ಟಿಲು ಇಳಿಯುತ್ತಾ ಒಂದು ಕೈಯನ್ನು ಗೋಡೆಗೆ ಕೊಟ್ಟಿದ್ದೆ. ಭಕ್ತರು ಯಾರೂ ಗಮನಿಸಲಿಲ್ಲ, ಅವ್ವ ಗಮನಿಸಿದ್ದಳು. ಬಸ್ಸು ಹೊಸದುರ್ಗ ದಾಟಿದ ಮೇಲೆ ಕಿಟಕಿಗೆ ಹೇಳಿದ ಹಾಗೆ ಹೇಳಿದಳು: "ಬುದ್ಧಿಯವರು ಹರಳೆಣ್ಣೆ ಹಚ್ಕಂತಾರೋ ಇಲ್ಲೋ, ಕೇಳೋರು ಯಾರವ್ರೆ ಅಲ್ಲಿ." ಅದಕ್ಕೇ ಮೊದಲು ಕೇಳಿದೆ. ಹಚ್ಚಿಕೊಳ್ಳುತ್ತೀ ತಾನೆ?

ನಾನು ಇದ್ದ ಹಾಗೇ ಇದ್ದೇನೆ. ಹೋದ ತಿಂಗಳು ಜಲಾಶಯ ಮತ್ತೆ ಕೋಡಿ ಬಿತ್ತು. ಹಿರಿಯೂರು, ಚಿತ್ರದುರ್ಗದ ಕಡೆಯಿಂದೆಲ್ಲ ಜನ ಬಂದು ನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇಷ್ಟು ವರ್ಷ ಈ ನೀರಾವರಿ ಕಚೇರಿಯಲ್ಲಿ ಕುಳಿತು ಇಲ್ಲದ ನೀರಿನ ವರದಿ ಬರೆದವನು ನಾನು. ತುಂಬಿ ಹರಿಯುವುದನ್ನು ಹೇಗೆ ನೋಡಬೇಕು ಎಂಬುದು ಅಭ್ಯಾಸವಾಗಿಲ್ಲ. ಒಂದು ಸಂಜೆ ಹೋಗಿ ನಿಂತು, ಸ್ವಲ್ಪ ಹೊತ್ತಿಗೆ ವಾಪಸ್ ಬಂದೆ. ಅವ್ವನನ್ನು ಕರೆದುಕೊಂಡು ಹೋಗಬೇಕೆಂದಿದ್ದೆ. ಆಗಲಿಲ್ಲ.

ಅವ್ವನ ವಿಷಯ ನಿನಗೆ ಅರ್ಧ ಗೊತ್ತಿದೆ. ದೀಪಾವಳಿ ಕಳೆದ ಮೇಲೆ ಲಕ್ವ ಹೊಡೆದಿದ್ದು, ಬಲಗೈ ಸೋತಿದ್ದು, ಮಾತು ನಿಧಾನವಾದರೂ ಉಳಿದಿದ್ದು, ಇಷ್ಟನ್ನು ನಿನ್ನ ಫೋನು ಹಿಡಿಯುವ ಚೇತನ್‌ಕುಮಾರ್‌ಗೆ ಹೇಳಿದ್ದೆ. ನೀನು ಕಳಿಸಿದ ವಿಭೂತಿ ಮುಟ್ಟಿತು. ಉಳಿದ ಅರ್ಧವನ್ನು ಅವರ ಕಿವಿಯ ಮೂಲಕ ದಾಟಿಸುವುದು ಸರಿಯಲ್ಲ ಎನ್ನಿಸಿ ಬರೆಯುತ್ತಿದ್ದೇನೆ. ಅವ್ವ ಉಣ್ಣುವುದನ್ನು ಬಿಟ್ಟಿದ್ದಾಳೆ. ಹಟವಲ್ಲ, ವೈರಾಗ್ಯವೂ ಅಲ್ಲ. ಅದು ಏನು ಎಂದು ತಿಳಿಯಲು ನನಗೆ ಇಷ್ಟು ದಿನ ಹಿಡಿಯಿತು. ತಿಳಿದ ಮೇಲೆ ಮಾಡಲು ಏನೂ ಉಳಿದಿಲ್ಲ.

ಅಡಿಗೆ ನಾನೇ ಮಾಡುತ್ತಿದ್ದೇನೆ, ನಗಬೇಡ. ನಾನು ಮದುವೆಯಾಗದೆ ಉಳಿದವನು, ನೀನು ಮದುವೆಯಾಗಬಾರದವನು; ಅವ್ವನಿಗೆ ಸೊಸೆ ಎಲ್ಲಿಂದ ಬರಬೇಕು. ಪಕ್ಕದ ಕ್ವಾರ್ಟರ್ಸಿನ ಚಿತ್ತಮ್ಮ ದಿನಾ ಬಂದು ತಾನು ಮಾಡಿಕೊಡುತ್ತೇನೆ ಎನ್ನುತ್ತಾಳೆ. ತೂಬಿನ ಕೆಲಸದ ಕಾಟಲಿಂಗಪ್ಪನ ಹೆಂಡತಿ, ಕುರಿ ಸಾಕುವವರ ಮನೆಯವಳು. ಆ ಮನೆಯ ಮಜ್ಜಿಗೆಯನ್ನು ಅವ್ವ ಕುಡಿಯುತ್ತಿದ್ದಳು, ಬಾಡು ಬೇಯುವ ಒಲೆಯ ಅನ್ನವನ್ನು ಮುಟ್ಟುತ್ತಿರಲಿಲ್ಲ. ಚಿತ್ತಮ್ಮ ಬೇಸರ ಮಾಡಿಕೊಂಡವಳಲ್ಲ. "ನಮ್ಮನೆ ಪಾತ್ರೆಗೆ ಕುರಿ ವಾಸ್ನೆ, ನಿಮ್ಮನೆ ಪಾತ್ರೆಗೆ ಸೀದ ವಾಸ್ನೆ. ಯಾವುದು ಮ್ಯಾಲು ನೀವೇ ಹೇಳ್ರಿ ಗಂಗಮ್ಮಾರೆ" ಎಂದು ಬಾಗಿಲಿಗೆ ಒರಗಿ ಕೇಳುತ್ತಾಳೆ. ಅವ್ವ ನಗುತ್ತಾಳೆ. ತುಟಿಯ ಒಂದು ಕಡೆ ಮಾತ್ರ ನಗುತ್ತದೆ, ಇನ್ನೊಂದು ಕಡೆ ನೋಡುತ್ತಿರುತ್ತದೆ.

ನನಗೆ ಬರುವುದು ಒಂದೇ ಅಡಿಗೆ, ಕೋಸಿನ ಅನ್ನ. ಅದೂ ಕಲಿತದ್ದಲ್ಲ, ಬಾಗೂರಿನ ನಮ್ಮ ಮನೆಯಲ್ಲಿ ಒಲೆಯ ಮುಂದೆ ನಾವಿಬ್ಬರೂ ಕುಕ್ಕರುಗಾಲಲ್ಲಿ ಕುಳಿತು ಕಾದದ್ದರಿಂದ ಉಳಿದದ್ದು. ಆಗ ಮನೆಯಲ್ಲಿ ದಿನವೂ ರಾಗಿ, ಇಲ್ಲವೇ ಜೋಳ. ಅಕ್ಕಿ ಹಬ್ಬಕ್ಕೆ, ನೆಂಟರಿಗೆ. ಪಕ್ಕದ ಪಾಲಣ್ಣನ ತೋಟದಲ್ಲಿ ಕೋಸು ಹೆಚ್ಚಾಗಿ ಬಂದಾಗ ಅವ್ವ ಒಂದು ಹಿಡಿ ಅಕ್ಕಿಗೆ ಒಂದು ಇಡೀ ಕೋಸು ಹೆಚ್ಚಿಹಾಕಿ, ಎರಡೂ ಸೇರಿ ಅನ್ನವೇ ಎನ್ನುವ ಹಾಗೆ ಮಾಡುತ್ತಿದ್ದಳು. ಕಬ್ಬಿಣದ ಆ ಬಾಣಲೆಯಲ್ಲೇ ಒಗ್ಗರಣೆ, ಅದರಲ್ಲೇ ಕೋಸು, ಅದರಲ್ಲೇ ಅಕ್ಕಿ ಮತ್ತು ನೀರು, ಮೇಲೊಂದು ಊಟದ ತಣಿಗೆ ಮುಚ್ಚಿಬಿಟ್ಟರೆ ಮುಗಿಯಿತು. ಅಪ್ಪನಿಗೆ ತಣಿಗೆಯಲ್ಲಿ ನೀಡಿ ಆದ ಮೇಲೆ ಬಾಣಲೆಯನ್ನು ನಮ್ಮಿಬ್ಬರ ನಡುವೆ ಇಟ್ಟು, ಬೆರಳಿನಿಂದ ಅನ್ನದ ಮಧ್ಯೆ ಒಂದು ಗೆರೆ ಎಳೆಯುತ್ತಿದ್ದಳು. ಈ ಕಡೆ ನನ್ನದು, ಆ ಕಡೆ ನಿನ್ನದು. ನಾವು ಎದ್ದ ಮೇಲೆ ತಳದಲ್ಲಿ ಹತ್ತಿದ್ದನ್ನು ಕೆರೆದು ತಾನೂ ಅದರಲ್ಲೇ ಉಣ್ಣುತ್ತಿದ್ದಳು. ಬಾಣಲೆಯಲ್ಲಿ ಉಂಡರೆ ಮದುವೆ ದಿನ ಮಳೆ ಬರುತ್ತದೆ ಎಂದು ದೊಡ್ಡಮ್ಮ ಹೆದರಿಸಿದಾಗ ಅವ್ವ ಹೇಳಿದ್ದು ನಿನಗೆ ನೆನಪಿರಬೇಕು: "ಉಣ್ಣಲಿ ಬಿಡಕ್ಕ. ಹಂಗಾದ್ರೂ ಮಳೆ ಬರ್ಲಿ ಈ ಸೀಮೆಗೆ." ನಾವಿಬ್ಬರೂ ಮದುವೆಯಾಗಲಿಲ್ಲ. ಬರಬೇಕಾಗಿದ್ದ ಎರಡು ಮಳೆ ಎಲ್ಲಿ ನಿಂತವೋ ಎಂದು ಎಷ್ಟೋ ವರ್ಷ ಕಚೇರಿಯಲ್ಲಿ ಕುಳಿತು ಯೋಚಿಸಿದ್ದೇನೆ. ಹೋದ ತಿಂಗಳು ಕೋಡಿಯ ಮುಂದೆ ನಿಂತಾಗ ಅದೇ ನೆನಪಾಯಿತು.

ಬಾಣಲೆ ಅದೇ. ಬಾಗೂರಿನ ಮನೆ ಖಾಲಿ ಮಾಡಿ ಇಲ್ಲಿಗೆ ಬರುವಾಗ ಅವ್ವ ತನ್ನ ಮಡಿಲಲ್ಲಿ ಇಟ್ಟುಕೊಂಡು ತಂದದ್ದು ಅದೊಂದನ್ನೇ. ಅದರಲ್ಲಿ ನಾನು ಮೊದಲ ದಿನ ಮಾಡಿದ ಅನ್ನ ಅಂಟಿನ ಹಾಗಾಯಿತು. ಮಾರನೆಯ ದಿನ ನೀರು ಕಡಿಮೆ ಹಾಕಿದರೆ ಅಕ್ಕಿ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಅವ್ವ ಮಂಚದಿಂದಲೇ ಕೂಗಿದಳು: "ಕೋಸು ತಾನೇ ನೀರು ಬಿಡ್ತೈತೆ ಕಣೋ, ಅದನ್ನ ನೋಡ್ಕಂಡು ಹಾಕು. ಡ್ಯಾಮಿನ ನೀರು ಅಳೀತೀಯ, ಬಾಂಡ್ಲಿ ನೀರು ತಿಳಿಯಲ್ವಾ ನಿಂಗೆ." ಕೋಸು ಹೆಚ್ಚುವುದನ್ನು ನೋಡಿ ಚಿತ್ತಮ್ಮ, "ಸಾಹೇಬ್ರು ಮೇವು ಕತ್ತರಿಸ್ತಾ ಅವ್ರೆ, ನಮ್ಮ ಕುರಿ ಬಿಡ್ಲಾ" ಎಂದು ಕೇಳಿದ್ದೂ ಆಯಿತು. ಈಗ ಪರವಾಗಿಲ್ಲ. ಸಾಸಿವೆ ಸಿಡಿಯುವುದನ್ನು, ಕರಿಬೇವಿನ ಸದ್ದು ನಿಲ್ಲುವುದನ್ನು ಕಾಯುತ್ತೇನೆ. ಕೋಸನ್ನು ಕೂದಲೆಳೆಯಷ್ಟಲ್ಲದಿದ್ದರೂ ಸಣ್ಣಗೆ ಹೆಚ್ಚುತ್ತೇನೆ. ಅರಿಶಿನ ಹಾಕಿ ಬಾಡಿಸಿ, ಅದು ಬಿಟ್ಟ ನೀರು ನೋಡಿ, ತೊಳೆದ ಅಕ್ಕಿ ಹಾಕಿ, ಉರಿ ಇಳಿಸಿ ಮುಚ್ಚುತ್ತೇನೆ. ಅವ್ವನ ಗಂಟಲಿಗೆಂದು ಸ್ವಲ್ಪ ಮೆತ್ತಗೆ. ಇದನ್ನು ಬರೆಯುವಾಗಲೂ ಒಲೆಯ ಮೇಲಿದೆ.

ಚೆನ್ನಾಗಿ ಆದ ದಿನವೂ ಅವಳು ಸರಿಯಾಗಿ ಉಣ್ಣಲಿಲ್ಲ. ನನ್ನ ಕೈರುಚಿ ಎಂದುಕೊಂಡೆ. ಹೋದ ವಾರ ಒಂದು ಮಧ್ಯಾಹ್ನ ಕಡತವೊಂದನ್ನು ಮರೆತು ವಾಪಸ್ ಮನೆಗೆ ಬಂದೆ. ನಾನು ಬೆಳಿಗ್ಗೆ ನೀಡಿಹೋದ ತಣಿಗೆ ಅವಳ ತೊಡೆಯ ಮೇಲೆ ಹಾಗೇ ಇತ್ತು. ಅರ್ಧ ಉಂಡಿದ್ದಳು. ಗಂಟಲು ಹಿಡಿದುಕೊಂಡು, ಮತ್ತೆ ಬಿಡಬಹುದೆಂದು ಅಷ್ಟು ಹೊತ್ತೂ ಕಾಯುತ್ತಾ ಕುಳಿತಿದ್ದಾಳೆ. ನನ್ನನ್ನು ನೋಡಿದವಳೇ ಉಳಿದದ್ದಕ್ಕೆ ನೀರು ಸುರಿದು ಕಲಸಿ, ಅಪ್ಪ ತಣಿಗೆ ತೊಳೆದು ಕುಡಿಯುತ್ತಿದ್ದ ಹಾಗೆ ಎರಡೂ ಕೈಯಲ್ಲಿ ಎತ್ತಿದಳು. ಬಲಗೈ ನಿಲ್ಲಲಿಲ್ಲ. ಕುಡಿದದ್ದೂ ನಿಲ್ಲಲಿಲ್ಲ. ಎಲ್ಲ ಕಕ್ಕಿದಳು. ಸೀರೆ ಬದಲಿಸಿ ಮಲಗಿಸಿದ ಮೇಲೆ ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು: "ತಣಿಗೆಗೆ ಬಿದ್ದದ್ದು ಪ್ರಸಾದ ಕಣಪ್ಪ. ಬಿಡಂಗಿಲ್ಲ. ಮುಗಿಸಾಕೆ ಆಗ್ತೈತೋ ಇಲ್ವೋ ಅಂತ ಗೊತ್ತಿಲ್ದೋರು ನೀಡಿಸ್ಕಳದೇ ತಪ್ಪು. ನಂಗೆ ಇನ್ನ ನೀಡಬ್ಯಾಡ."

ಇಷ್ಟೇ ತಮ್ಮಾ. ಅಪ್ಪನ ಮನೆಯಲ್ಲಿ ಒಂದು ಅಗುಳು ಬಿಟ್ಟರೆ ಆಗುತ್ತಿದ್ದ ಮೌನವನ್ನು ನೀನೂ ಬಲ್ಲೆ. ಆ ಮೌನ ಈಗ ಅವ್ವನ ಗಂಟಲಿನಲ್ಲಿ ಕುಳಿತಿದೆ. ಸುಮ್ಮನೆ ಕೈಕಟ್ಟಿ ಕುಳಿತೆ ಎಂದುಕೊಳ್ಳಬೇಡ. ಒಂದೇ ಚಮಚ ನೀಡುತ್ತೇನೆ ಎಂದೆ. ಒಂದು ಚಮಚದ ಮಧ್ಯದಲ್ಲೂ ಗಂಟಲು ಮುಚ್ಚಬಹುದಲ್ಲ ಎಂದಳು. ಅದು ನಿಜ, ಯಾವಾಗ ಮುಚ್ಚುತ್ತದೆ ಎಂದು ಡಾಕ್ಟರಿಗೂ ಗೊತ್ತಿಲ್ಲ. ಬಟ್ಟಲನ್ನು ನನ್ನ ಕೈಯಲ್ಲೇ ಇಟ್ಟುಕೊಂಡು ತುತ್ತು ಕೊಡಲು ಹೋದೆ. "ಬಟ್ಲು ಯಾರ ಕೈಯಾಗಿದ್ರೇನು, ನನ್ನ ಹೆಸರಿಗೆ ನೀಡಿದ್ದಲ್ವಾ." ಉಳಿದರೆ ನಾನು ಉಣ್ಣುತ್ತೇನೆ ಎಂದೆ. "ನನ್ನ ಎಂಜಲು ನೀನು ಉಣ್ಣದನ್ನ ನೋಡಕ್ಕೆ ಬದುಕಿರಬೇಕಾ ನಾನು." ಗಂಜಿಯ ಲೋಟಕ್ಕೂ ಇದೇ ಕಾನೂನು. ಚಿತ್ತಮ್ಮ ತನಗೆ ತಿಳಿದ ದಾರಿ ಹೇಳಿದಳು, "ನಮ್ಮನೇಲಿ ಉಳಿದದ್ದನ್ನ ನಾಯಿ ಕಾಯ್ಕಂಡ್ ಕುಂತಿರ್ತೈತೆ, ಅದೂ ಒಂದು ಜೀವ ಅಲ್ವೇನ್ರಿ" ಎಂದು. ಅವ್ವ ಅವಳ ಕೈ ಸವರಿದಳು, ಅಷ್ಟೇ. ಈಗ ನಾನು ಚಮಚದಲ್ಲಿ ಕೊಡುವ ನೀರು ಮಾತ್ರ ಇಳಿಯುತ್ತಿದೆ. ನೀರು ಯಾರ ಹೆಸರಿಗೂ ನೀಡಿದ್ದಲ್ಲವಂತೆ.

ಆದರೂ ಬೆಳಿಗ್ಗೆ ಪೂಜೆ ತಪ್ಪಿಸಿಲ್ಲ. ಎಡಗೈಯಲ್ಲಿ ಲಿಂಗ ಹಿಡಿದು ಕುಳಿತುಕೊಳ್ಳುತ್ತಾಳೆ, ವಿಭೂತಿ ಹಚ್ಚಲು ಬಲಗೈ ಏಳುವುದಿಲ್ಲ. ಮೊಣಕೈಗೆ ನಾನು ಆಸರೆ ಕೊಡುತ್ತೇನೆ. ನನ್ನ ಲಿಂಗದ ಕರಡಿಗೆ ಪೆಟ್ಟಿಗೆಯಲ್ಲಿ ಎಷ್ಟೋ ಕಾಲದಿಂದ ಮುಚ್ಚಿಯೇ ಇದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಂಬದವನ ಕೈಯ ಮೇಲೆ ನಂಬಿದವಳ ಕೈ ಇರುತ್ತದೆ. ಆ ಹೊತ್ತಿನಲ್ಲಿ ಅವಳ ಮೊಣಕೈ ದಿನದಿಂದ ದಿನಕ್ಕೆ ಹಗುರವಾಗುತ್ತಿರುವುದು ಗೊತ್ತಾಗುತ್ತದೆ. ನಾನು ಬೇರೆ ಏನನ್ನೂ ಧ್ಯಾನಿಸುವುದಿಲ್ಲ, ಅದನ್ನೇ.

ಗುರುವಾರ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಸೋಮವಾರದೊಳಗೆ ಏನಾದರೂ ಉಣ್ಣದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುತ್ತೇವೆ ಎಂದರು. ಆ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಅವ್ವ ಕಾರಿನಲ್ಲಿ ಕೇಳಿದಳು: "ಮೂಗಿನಾಗೆ ಉಣ್ಣದು ಯಾವ ಊರ ಪದ್ಧತಿಯಪ್ಪ." ಆಮೇಲೆ ಹೊಳಲ್ಕೆರೆ ರಸ್ತೆ ಒಡೆಯುವ ಕಡೆ ಕಾರು ನಿಧಾನವಾದಾಗ ಆ ಕಡೆಗೇ ನೋಡುತ್ತಿದ್ದಳು. ಆಗ ಕೇಳಿಬಿಟ್ಟೆ. ಬುದ್ಧಿಯವರು ಅಪ್ಪಣೆ ಕೊಟ್ಟರೆ, ಉಳಿದರೆ ಬಿಡಬಹುದು ಎಂದು ಅವರೇ ಹೇಳಿದರೆ ಉಣ್ಣುತ್ತೀಯಾ ಎಂದು. ಆ ಕಡೆ ನೋಡುತ್ತಲೇ ಹೇಳಿದಳು: "ಅವರು ಹೇಳಿದ್ರೆ ಆಯ್ತು. ಆದ್ರೆ ಕೇಳಬ್ಯಾಡ. ಹೂಂ ಅಂದ್ರೆ ತಾಯಿಗೊಂದು, ಊರಿಗೊಂದು ಅಂತಾರೆ ಜನ. ಊಹೂಂ ಅಂದ್ರೆ ಅವರಿಗೇ ನಿದ್ದೆ ಬರಲ್ಲ. ನಾವು ಕೊಟ್ಟು ಬಂದಿದೀವಿ ಅವರನ್ನ. ಕೊಟ್ಟ ಮ್ಯಾಲೆ ತೊಂದ್ರೆ ಕೊಡಬಾರ್ದು."

ನಿನಗೆ ಪಟ್ಟವಾದ ದಿನ ಅವಳು ಎಲ್ಲರ ಜೊತೆ ಸಾಲಿನಲ್ಲಿ ಬಂದು ನಿನ್ನ ಕಾಲಿಗೆ ಬಿದ್ದಳು. ನೀನು ಆಗ ಕಣ್ಣು ಮುಚ್ಚಿಕೊಂಡೆ. ಅವಳು ಎದ್ದು ಹೋದ ಮೇಲೂ ಮುಚ್ಚಿಕೊಂಡೇ ಇದ್ದೆ, ಹಿಂದಿನವರು ಕಾಯುತ್ತಿದ್ದರು. ನಾನು ಕಂಬದ ಹತ್ತಿರ ನಿಂತು ನೋಡಿದ್ದು ಇಷ್ಟೇ, ಅದರ ಅರ್ಥ ನನಗೆ ಗೊತ್ತಿಲ್ಲ. ಅಂದಿನಿಂದ ಅವಳು ನಿನ್ನ ಹಳೆಯ ಹೆಸರನ್ನು ಬಾಯಿಗೆ ತಂದಿಲ್ಲ. ನಿದ್ದೆಯಲ್ಲೂ ಬುದ್ಧಿ ಎನ್ನುತ್ತಾಳೆ. ಇಬ್ಬರು ಮಕ್ಕಳಲ್ಲಿ ಒಬ್ಬ ಹತ್ತಿರ ಇದ್ದಾನೆ, ಅವನ ಮಾತಿಗೆ ಬೆಲೆಯಿಲ್ಲ. ಮಾತಿಗೆ ಬೆಲೆಯಿರುವವನು ಮಗನಲ್ಲ.

ಆದ್ದರಿಂದ ಅವಳಿಗೆ ಹೇಳದೆ ಬರೆಯುತ್ತಿದ್ದೇನೆ. ಒಂದು ಸಾಲು ಸಾಕು. ಗಂಟಲು ಹಿಡಿದರೆ ತಣಿಗೆಯಲ್ಲಿ ಬಿಡಬಹುದು, ದೋಷವಿಲ್ಲ ಎಂದು ನಿನ್ನ ಅಕ್ಷರದಲ್ಲಿ. ಶಾಸ್ತ್ರದಲ್ಲಿ ಅದಕ್ಕೆ ದಾರಿ ಇದೆಯೋ ಇಲ್ಲವೋ ನನಗೆ ತಿಳಿಯದು. ಇಲ್ಲದಿದ್ದರೆ ಏನು ಮಾಡಬೇಕೆಂದೂ ತಿಳಿಯದು. ಕಾಟಲಿಂಗಪ್ಪ ಇವತ್ತು ಐದು ಗಂಟೆಗೆ ಹೊಳಲ್ಕೆರೆ ಕಡೆಯ ತನ್ನ ಅಕ್ಕನ ಹಟ್ಟಿಗೆ ಬೈಕಿನಲ್ಲಿ ಹೊರಟಿದ್ದಾನೆ, ಮಠದಲ್ಲಿ ಇಳಿದು ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ಪತ್ರದ ಕೊನೆಯಲ್ಲಿ ಅಣ್ಣನಾದವನು ಆಶೀರ್ವಾದ ಎಂದು ಬರೆಯಬೇಕು, ಭಕ್ತನಾದವನು ಆಶೀರ್ವಾದ ಬೇಡಬೇಕು. ಎರಡನ್ನೂ ಬರೆಯಲಾಗದೆ ಜಾಗ ಬಿಟ್ಟಿದ್ದೇನೆ. ನಿನಗೆ ಯಾವುದು ಸರಿ ಕಾಣುತ್ತದೋ ಅದನ್ನು ಓದಿಕೋ. ಮಂಡಿಗೆ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಸಿಕೋ.

ನಿನ್ನ ಅಣ್ಣ,
ರಾಜಶೇಖರ

ತಾ.ಕ.: ಸಹಿ ಮಾಡುವಾಗ ಸೀದ ವಾಸನೆ ಬಂತು. ಒಲೆಯನ್ನು ಮರೆತಿದ್ದೆ. ನಾನು ಏಳುವ ಮೊದಲೇ ಅವ್ವ ಕೂಗಿದಳು, "ಲೇ ಶೇಖರಾ, ತಳ ಹಿಡೀತೈತೆ, ಏನ್ ಬರೀತಾ ಕುಂತಿದೀಯೋ." ಇಳಿಸಿ, ಇನ್ನು ಇದನ್ನು ಏನು ಮಾಡುವುದು ಎಂದು ನಿಂತಿದ್ದೆ. ಇಲ್ಲಿ ತಾ ಎಂದಳು. ನಾನು ತಣಿಗೆಗೆ ಕೈ ಹಾಕಿದೆ. "ತಣಿಗೆ ಯಾರ್ ಕೇಳಿದ್ರು. ಬಾಂಡ್ಲಿ ತಾ." ಮಂಚದ ಮೇಲೆ ಗೋಣಿ ಮಡಚಿ ಹಾಕಿ ಬಾಣಲೆ ಇಟ್ಟೆ. ಸ್ವಲ್ಪ ಹೊತ್ತು ಅದರ ವಾಸನೆ ನೋಡಿದಳು. ಆಮೇಲೆ ಸೋತ ಬಲಗೈಯ ಬೆರಳನ್ನು ಎಡಗೈಯಿಂದ ಹಿಡಿದುಕೊಂಡು ಅನ್ನದ ಮಧ್ಯೆ ಗೆರೆ ಎಳೆದಳು. ಈ ಕಡೆಯಿಂದ ಉಂಡಳು ತಮ್ಮಾ. ಒಂದು ತುತ್ತು ನಡುವೆ ನಿಂತಿತು, ಆಮೇಲೆ ಇಳಿಯಿತು. ಮತ್ತೆ ಉಂಡಳು. ಸಾಕಾದಾಗ ಬಾಣಲೆಯನ್ನು ನೂಕಿದಳು. ಉಳಿಯಿತಲ್ಲವ್ವಾ ಎಂದೆ, ಎಂಥ ಮೂರ್ಖನ ಮಾತು. "ನೀಡೇ ಇಲ್ಲ, ಉಳಿಯದು ಎಲ್ಲಿಂದ ಬಂತು. ಬಾಂಡ್ಲ್ಯಾಗೆ ಇರಾದು ಅಡಿಗೆ" ಎಂದಳು. ಗೆರೆಯ ಆ ಕಡೆಯದನ್ನು ತೋರಿಸಿ, ನಿನ್ನ ಹಳೆಯ ಹೆಸರು ಹಿಡಿದು, "ಅದು ಬಸುಂದು" ಎಂದಳು.

ಡಬ್ಬಿಗೆ ಹಾಕಿ ಕಾಟಲಿಂಗಪ್ಪನ ಕೈಲಿ ಕಳಿಸಲೇ ಎಂದು ಕೇಳಿದೆ. "ಡಬ್ಬಿ ಆದ್ರೆ ಯಾರೋ ತೊಳೆದು ಕಳಿಸ್ತಾರೆ. ಬಾಂಡ್ಲಿ ಸಮೇತ ಕಳ್ಸು. ನಾಳೆ ನಾನು ಉಣ್ಣಬೇಕು ಅಂತ ಹೇಳು." ಬೇರೆ ಬಾಣಲೆ ತರುತ್ತೇನೆ ಎಂದು ಎರಡು ಸಲ ಹೇಳಿ ನೋಡಿದೆ. ಗೋಡೆಯ ಕಡೆ ತಿರುಗಿಕೊಂಡಳು.

ಹಾಗಾಗಿ ಮೇಲೆ ಕೇಳಿದ ಸಾಲನ್ನು ಬರೆಯಬೇಡ. ಬಾಣಲೆಗೆ ತಣಿಗೆ ಮುಚ್ಚಿ, ಅವ್ವನ ಹಳೆಯ ಸೀರೆಯಲ್ಲಿ ಕಟ್ಟಿ ಬೈಕಿಗೆ ಕಟ್ಟಿದ್ದೇವೆ. ದಾರಿಯಲ್ಲಿ ಗೆರೆ ಅಳಿಸಿದರೆ ಹೇಳುತ್ತೇನೆ, ಅದು ಸೊಟ್ಟಗಿತ್ತು, ನಿನ್ನ ಪಾಲು ದೊಡ್ಡದಿತ್ತು. ಯಾವಾಗಲೂ ಹಾಗೇ ಇರುತ್ತಿತ್ತು. ಉಣ್ಣುವುದು ಬಿಡುವುದು ನಿನ್ನ ನೇಮ. ಕಾಟಲಿಂಗಪ್ಪ ಅಲ್ಲಿಂದ ಮುಂದೆ ಹೋಗುತ್ತಾನೆ, ಮಂಗಳವಾರದವರೆಗೆ ವಾಪಸ್ ಬರುವುದಿಲ್ಲ. ಅವ್ವನನ್ನು ಬಿಟ್ಟು ನಾನೂ ಬರಲಾರೆ. ನಾಳೆ ಮಧ್ಯಾಹ್ನದ ಅಡಿಗೆಗೆ ಬಾಣಲೆ ಬೇಕು.